ಎಂಜಿನಿಯರನಿಗೆ ಬೇಕಾದ ಇನ್ನೊಂದು ವಿದ್ಯೆ

(ಎಂಜಿನಿಯರರ ದಿನದಂದು ಸಂಘದ ಸದಸ್ಯರೆದುರು ಮಾಡಿದ ಭಾಷಣ)



ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ನಾಡಿನಾದ್ಯಂತ ಅದನ್ನು ಎಂಜಿನಿಯರರ ದಿನವೆಂದು ಆಚರಿಸುತ್ತಾರೆ. ಮುಂಬಯಿಯಲ್ಲಿ ನೆಲೆಸಿದ ನಮಗೆ ಆ ಮಹನೀಯರು ದೂರದವರಲ್ಲ. ಪುಣೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಅಂದಿನ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿಯೇ ಅವರು ನೌಕರಿ ಹಿಡಿದರು. ಅವರಿಗೆ ಹಾರ ಹಾಕಿ ಮನೆಗೆ ಹೋಗುವುದು ಸುಲಭ. ಆದರೆ ಅವರು ಎತ್ತಿ ಹಿಡಿದ ಗುಣಗಳಲ್ಲಿ ಒಂದನ್ನಾದರೂ ಕುಳಿತು ವಿಚಾರ ಮಾಡಿದರೆ ಈ ದಿನಕ್ಕೆ ಸಾರ್ಥಕ್ಯವಿದೆ. ಆದ್ದರಿಂದ ಎಂಜಿನಿಯರನಾದವನು ಕಾಮಗಾರಿಯನ್ನು ನಡೆಸುವ ಬಗೆ ಮತ್ತು ಜನರಿಗೆ ಮುಂದಾಳಾಗುವ ಬಗೆ, ಈ ಎರಡನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಹೋಟೆಲಿನಲ್ಲಿ ದುಡಿಯುವ, ಗಿರಣಿಯಲ್ಲಿ ದುಡಿದ ನಮಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕಾರಣವುಂಟು. ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು ನಮ್ಮ ಹಿರಿಯರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಡಿಪ್ಲೊಮ ಮಾಡುತ್ತಿದ್ದಾರೆ, ಎಂಜಿನಿಯರಿಂಗ್ ಪದವಿ ಪಡೆಯುತ್ತಿದ್ದಾರೆ. ನಮ್ಮ ಮನೆಯ ಹುಡುಗಿಯರೂ ಅದರಲ್ಲಿ ಹಿಂದೆ ಬಿದ್ದಿಲ್ಲ. ನಾಳೆ ಈ ಮಕ್ಕಳ ಕೈಕೆಳಗೆ ಹತ್ತು ಜನವೋ ನೂರು ಜನವೋ ದುಡಿಯುವರು. ಆ ನೂರು ಜನರ ಹಗಲಿರುಳು, ಕೈಕಾಲು, ಕೆಲವೊಮ್ಮೆ ಪ್ರಾಣ ಕೂಡ ಇವರ ಒಂದು ಸಹಿಯನ್ನು ಅವಲಂಬಿಸಿರುತ್ತದೆ. ತಂದೆ ಯಾವ ಬಗೆಯ ಯಜಮಾನನ ಕೈಯಲ್ಲಿ ನೊಂದನೋ, ಮಗ ಅದೇ ಬಗೆಯ ಸಾಹೇಬನಾದರೆ ನಮ್ಮ ದುಡಿಮೆಗೆ ಬೆಲೆ ಏನು ಬಂತು?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಬ್ಬಿಣ ಎಷ್ಟು ಭಾರ ತಾಳೀತು, ಕಾಂಕ್ರೀಟು ಎಷ್ಟು ದಿನಕ್ಕೆ ಗಟ್ಟಿಯಾದೀತು ಎಂಬುದನ್ನು ಕಲಿಸುತ್ತಾರೆ. ಅದು ಬೇಕೇ ಬೇಕು. ಆದರೆ ಸಾವಿರ ಜನ ಕೂಡಿ ಮಾಡುವ ಒಂದು ಕೆಲಸವನ್ನು ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ, ಯಾರ ಕೈಕಾಲೂ ಮುರಿಯದಂತೆ ಮುಗಿಸುವುದು ಬೇರೆಯೇ ಒಂದು ವಿದ್ಯೆ. ಅದನ್ನು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ನಾವು ಕಾಮಗಾರಿ ನಡೆಸುವ ವಿದ್ಯೆ ಎನ್ನೋಣ. ಅದರ ತಿರುಳು ಮೂರು ಮಾತುಗಳಲ್ಲಿದೆ: ಗಡುವು, ಹೊಣೆ, ಜನ. ಈ ಮೂರನ್ನು ಬಲ್ಲವನೇ ಮುಂದಾಳು. ಮೂರನೆಯದನ್ನು ಮರೆತವನು ಮೊದಲಿನ ಎರಡನ್ನು ಎಷ್ಟು ಬಲ್ಲವನಾದರೂ ಬರಿಯ ಮೇಸ್ತ್ರಿ.

ನಮ್ಮ ಅಡಿಗೆಮನೆಯ ಲೆಕ್ಕ

ಇದು ನಮಗೆ ತಿಳಿಯದ ವಿದ್ಯೆಯಲ್ಲ. ಬೆಳಿಗ್ಗೆ ಆರು ಗಂಟೆಗೆ ಗಿರಾಕಿಯ ತಟ್ಟೆಯಲ್ಲಿ ಇಡ್ಲಿ ಬೀಳಬೇಕು. ಅದಕ್ಕೆ ಭಟ್ಟರು ಆರು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಹಿಟ್ಟು ಉಬ್ಬಿ ಹುಳಿ ಬರಲು ಇಡೀ ರಾತ್ರಿ ಬೇಕು. ಆದ್ದರಿಂದ ರಾತ್ರಿ ಒಂಬತ್ತಕ್ಕೆ ರುಬ್ಬಿ ಮುಗಿದಿರಬೇಕು. ರುಬ್ಬುವ ಮೊದಲು ಉದ್ದು ಅಕ್ಕಿ ನಾಲ್ಕೈದು ಗಂಟೆ ನೆನೆಯಬೇಕು. ಆದ್ದರಿಂದ ಮೂರು ನಾಲ್ಕಕ್ಕೆಲ್ಲ ನೀರಿಗೆ ಹಾಕಬೇಕು. ಅದಕ್ಕೂ ಮೊದಲು ಅಂಗಡಿಯಿಂದ ಸಾಮಾನು ಬಂದಿರಬೇಕು. ಚಟ್ನಿಯ ಮಾತು ಬೇರೆ. ತೆಂಗಿನಕಾಯಿಯನ್ನು ಬೆಳಿಗ್ಗೆ ಐದಕ್ಕೆ ತುರಿದರೂ ನಡೆದೀತು, ಕೊಂಚ ತಡವಾದರೆ ಇನ್ನೊಬ್ಬ ಹುಡುಗ ಕೈ ಹಾಕಿ ಸುಧಾರಿಸಬಹುದು. ಆದರೆ ಉದ್ದು ನೆನೆಹಾಕುವುದನ್ನು ಮರೆತರೆ ಮುಗಿಯಿತು. ಮಾಲೀಕರು ಗಲ್ಲದ ಮೇಲೆ ಕುಳಿತು ಎಷ್ಟು ಕೂಗಾಡಿದರೂ, ಒಬ್ಬ ಭಟ್ಟರ ಜಾಗದಲ್ಲಿ ಹತ್ತು ಭಟ್ಟರನ್ನು ನಿಲ್ಲಿಸಿದರೂ, ಹಿಟ್ಟು ಬೇಗ ಹುಳಿಯುವುದಿಲ್ಲ.

ಗಿರಣಿಯಲ್ಲಿ ದುಡಿದವರಿಗೂ ಇದು ಗೊತ್ತು. ನೂಲು ಸುತ್ತುವ ಖಾತೆಯಲ್ಲಿ, ಗಂಜಿ ಕೊಡುವ ಖಾತೆಯಲ್ಲಿ ತಡವಾದರೆ ನೇಯ್ಗೆಯ ಖಾತೆಯಲ್ಲಿ ಲೂಮುಗಳು ಸುಮ್ಮನೆ ನಿಲ್ಲುತ್ತಿದ್ದವು. ನೇಕಾರನ ತಪ್ಪೇನೂ ಇಲ್ಲದೆ ಅವನ ತುಂಡುಕೂಲಿ ಕಡಿಮೆಯಾಗುತ್ತಿತ್ತು. ಒಂದು ಕಡೆಯ ತಡ ಇನ್ನೊಂದು ಕಡೆಯ ಹೊಟ್ಟೆಗೆ ಹೊಡೆಯುತ್ತದೆ ಎಂಬುದನ್ನು ಅವರಿಗೆ ಯಾವ ಪ್ರೊಫೆಸರರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದರ ಹಿಂದೆ ಒಂದು ನಡೆಯಲೇಬೇಕಾದ ಕೆಲಸಗಳ ಈ ಸರಪಣಿಗಳಲ್ಲಿ ಅತಿ ಉದ್ದವಾದದ್ದು ಯಾವುದೋ ಅದೇ ಇಡೀ ಕಾಮಗಾರಿಯ ದಿನವನ್ನು ನಿಶ್ಚಯಿಸುತ್ತದೆ. 1957-58ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಎಂಬ ರಸಾಯನ ಕಂಪನಿಯವರೂ, ಪೊಲಾರಿಸ್ ಕ್ಷಿಪಣಿಯನ್ನು ತಯಾರಿಸುತ್ತಿದ್ದ ಅಲ್ಲಿಯ ನೌಕಾಪಡೆಯವರೂ ಬೇರೆ ಬೇರೆಯಾಗಿ ಇದಕ್ಕೊಂದು ಲೆಕ್ಕದ ಕ್ರಮವನ್ನು ಕಟ್ಟಿದರು. ಅದನ್ನು ಇಂದು ಜಗತ್ತಿನ ಎಂಜಿನಿಯರರೆಲ್ಲ ಕಲಿಯುತ್ತಾರೆ. ಅಡಿಗೆಮನೆಯ ಮಕ್ಕಳು ಅದನ್ನು ಕಲಿಯುವಾಗ, ಇದು ನಮ್ಮಪ್ಪನ ಇಡ್ಲಿಯ ಲೆಕ್ಕವೇ ಎಂದು ತಿಳಿದರೆ ಸಾಕು, ಅಂಜಿಕೆ ಹೋದೀತು.

ನಾವು ಕಂಡ ದೊಡ್ಡ ಕಾಮಗಾರಿ

ಇನ್ನು ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಊರಿಗೆ ಹೋಗಲು ನಮ್ಮಲ್ಲಿ ಅನೇಕರು ಹತ್ತುವ ಕೊಂಕಣ ರೈಲನ್ನೇ ತೆಗೆದುಕೊಳ್ಳೋಣ. ಮೊದಲು ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ದೇಶವನ್ನು ಸುತ್ತಿ 2,041 ಕಿಲೋಮೀಟರ್ ಪ್ರಯಾಣ ಮಾಡಬೇಕಾಗಿತ್ತು. ಈ ಮಾರ್ಗವಾದ ಮೇಲೆ ಅದು 914 ಕಿಲೋಮೀಟರಿಗೆ ಇಳಿಯಿತು. ತಾಯಿಗೆ ಕಾಯಿಲೆ ಎಂದು ತಂತಿ ಬಂದಾಗ ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಕುಲುಕಾಡುತ್ತ ಹೋಗಿ, ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು ಎನ್ನುವವರು ಈ ಸಭೆಯಲ್ಲಿಯೂ ಇದ್ದಾರು. ಅವರಿಗೆ ಈ 1,127 ಕಿಲೋಮೀಟರಿನ ಉಳಿತಾಯ ಬರಿಯ ಅಂಕಿಯಲ್ಲ.

ಈ ಮಾರ್ಗದ ಬೇಡಿಕೆ ಬಹಳ ಹಳೆಯದು. ಅದಕ್ಕೆ ಕಾಲ ಕೂಡಿಬಂದದ್ದು 1989-90ರಲ್ಲಿ. ಆಗ ರೈಲ್ವೆ ಮಂತ್ರಿಗಳಾಗಿದ್ದವರು ಜಾರ್ಜ್ ಫೆರ್ನಾಂಡಿಸರು. ಮಂಗಳೂರಿನಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಮುಂಬಯಿಗೆ ಬಂದು, ಚೌಪಾಟಿಯ ಮರಳಿನ ಮೇಲೆ ಮಲಗಿ, ಹೋಟೆಲು ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದ ಜಾರ್ಜರನ್ನು ನಮ್ಮ ಹಿರಿಯರು ಬಲ್ಲರು. ಅರ್ಥಮಂತ್ರಿಗಳು ಕೊಂಕಣದ ಪ್ರತಿನಿಧಿ ಮಧು ದಂಡವತೆಯವರು. ಯೋಜನಾ ಆಯೋಗದ ಉಪಾಧ್ಯಕ್ಷರು ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯವರು. ಕರಾವಳಿಯ ಕಷ್ಟ ಬಲ್ಲ ಮೂವರು ಒಂದೇ ಕಾಲಕ್ಕೆ ಮೂರು ಆಯಕಟ್ಟಿನ ಜಾಗಗಳಲ್ಲಿ ಕುಳಿತದ್ದು ನಮ್ಮ ಪುಣ್ಯ. 1990ರ ಜುಲೈ ತಿಂಗಳಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಶನ್ ಸ್ಥಾಪನೆಯಾಯಿತು. ರೈಲ್ವೆಯ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆ ಮತ್ತು ಕೇರಳದ್ದು ಆರಾರು. ಉಳಿದ ಹಣಕ್ಕೆ ಬಾಂಡುಗಳನ್ನು ಮಾರಿ ಸಾಲ ಎತ್ತಿದರು.

ಆದರೆ ಮಂತ್ರಿಗಳು ಅಪ್ಪಣೆ ಕೊಟ್ಟ ಮಾತ್ರಕ್ಕೆ ಹಳಿ ಬೀಳುವುದಿಲ್ಲ. ಕೆಲಸ ನಡೆಸಲು ಒಬ್ಬ ಎಂಜಿನಿಯರ್ ಬೇಕಾಗಿದ್ದರು. ರೈಲ್ವೆ ನೌಕರಿಯಿಂದ ನಿವೃತ್ತರಾಗುವ ವಯಸ್ಸಿನ ಇ. ಶ್ರೀಧರನ್ ಎಂಬ ಕೇರಳದ ಎಂಜಿನಿಯರರಿಗೆ ಆ ಹೊಣೆಯನ್ನು ವಹಿಸಿದರು.

ಪಾಂಬನ್ನಿನ ನಲವತ್ತಾರು ದಿನ

ಶ್ರೀಧರನ್ನರನ್ನು ರೈಲ್ವೆಯವರು ಬಲ್ಲದ್ದು ಬಹಳ ಹಿಂದಿನಿಂದ. 1964ರ ಡಿಸೆಂಬರಿನಲ್ಲಿ ಬಿರುಗಾಳಿಯೊಂದು ರಾಮೇಶ್ವರದ ದ್ವೀಪವನ್ನು ಅಪ್ಪಳಿಸಿತು. ಧನುಷ್ಕೋಟಿಯತ್ತ ಹೋಗುತ್ತಿದ್ದ ರೈಲು ಜನಸಹಿತ ಸಮುದ್ರದ ಪಾಲಾಯಿತು. ದ್ವೀಪವನ್ನು ನೆಲಕ್ಕೆ ಕೂಡಿಸುತ್ತಿದ್ದ ಪಾಂಬನ್ ಸೇತುವೆಯ ಗರ್ಡರುಗಳಲ್ಲಿ ಹೆಚ್ಚಿನವು ಕಿತ್ತುಹೋದವು. ಅದನ್ನು ಆರು ತಿಂಗಳಲ್ಲಿ ಸರಿಪಡಿಸಬೇಕೆಂದು ಗೊತ್ತಾಯಿತು. ದಕ್ಷಿಣ ರೈಲ್ವೆಯ ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸವನ್ನು ಮೂವತ್ತೆರಡು ವರ್ಷದ ಶ್ರೀಧರನ್ನರಿಗೆ ಒಪ್ಪಿಸಿದರು.

ಹೊಸ ಗರ್ಡರುಗಳನ್ನು ಕಾರ್ಖಾನೆಯಲ್ಲಿ ಮಾಡಿಸಿ ತರಬೇಕಾದರೆ ಅಷ್ಟು ಬೇಗ ಆಗುವ ಕೆಲಸವಲ್ಲ. ಕೊಚ್ಚಿಹೋದ ಗರ್ಡರುಗಳು ಸಮುದ್ರದಲ್ಲಿ ಇಂಥ ಕಡೆ ಬಿದ್ದಿವೆ ಎಂಬ ಸುಳಿವು ಬೆಸ್ತರಿಂದ ಸಿಕ್ಕಿತು. ಅವನ್ನೇ ಮೇಲಕ್ಕೆತ್ತಿಸಿ ಮತ್ತೆ ಕೂರಿಸಿದರು. 46 ದಿನಗಳಲ್ಲಿ ಸೇತುವೆ ಎದ್ದು ನಿಂತಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಗಡುವನ್ನು ಉಳಿಸುವುದು ಕೂಗಾಟದಿಂದಲ್ಲ, ಉದ್ದನೆಯ ಸರಪಣಿಯನ್ನು ಗುರುತಿಸಿ ಅದನ್ನು ತುಂಡರಿಸುವುದರಿಂದ. ಅಲ್ಲಿ ಉದ್ದನೆಯ ಸರಪಣಿ ಹೊಸ ಕಬ್ಬಿಣದ ಹಾದಿ ಕಾಯುವುದಾಗಿತ್ತು. ಹಳೆಯ ಕಬ್ಬಿಣ ಸಿಕ್ಕೊಡನೆ ಅದು ತುಂಡಾಯಿತು. ಎರಡನೆಯದು, ಎಂಜಿನಿಯರ್ ಎಷ್ಟೇ ಓದಿದ್ದರೂ ಸಮುದ್ರವನ್ನು ಬಲ್ಲವನು ಬೆಸ್ತ. ಬಲ್ಲವನ ಮಾತಿಗೆ ಕಿವಿಗೊಟ್ಟವನ ಕೆಲಸ ಹಗುರಾಯಿತು.

ಏಳು ತುಂಡು, ಏಳು ಹೊಣೆಗಾರರು

ಈಗ ಕೊಂಕಣಕ್ಕೆ ಮರಳೋಣ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ, ನಡುವೆ ಅಡ್ಡಡ್ಡ ಹರಿಯುವ ಹೊಳೆಗಳು. ದೊಡ್ಡವು ಚಿಕ್ಕವು ಸೇರಿ ಸುಮಾರು 2,000 ಸೇತುವೆಗಳು. 91 ಸುರಂಗಗಳು, ಅವುಗಳ ಒಟ್ಟು ಉದ್ದ 80 ಕಿಲೋಮೀಟರಿಗೂ ಮಿಕ್ಕು. ರತ್ನಾಗಿರಿಯ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ನಮ್ಮ ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು. ಇದರ ಮೇಲೆ ಪ್ರತಿವರ್ಷ ನಾಲ್ಕು ತಿಂಗಳು ಕರಾವಳಿಯ ಮಳೆ. ಮಣ್ಣಿನ ಕೆಲಸ ಆಗ ನಿಂತಂತೆಯೇ.

ಇಷ್ಟು ದೊಡ್ಡದನ್ನು ಒಬ್ಬನೇ ನೋಡಿಕೊಳ್ಳುವುದು ಸಾಧ್ಯವಿಲ್ಲ. ಆದ್ದರಿಂದ ದಾರಿಯನ್ನು ಏಳು ಭಾಗ ಮಾಡಿದರು: ಮಹಾಡ, ರತ್ನಾಗಿರಿ ಉತ್ತರ, ರತ್ನಾಗಿರಿ ದಕ್ಷಿಣ, ಕುಡಾಳ, ಪಣಜಿ, ಕಾರವಾರ, ಉಡುಪಿ. ಒಂದೊಂದು ಭಾಗ ಸುಮಾರು ನೂರು ಕಿಲೋಮೀಟರ್. ಪ್ರತಿಯೊಂದಕ್ಕೂ ಒಬ್ಬೊಬ್ಬ ಮುಖ್ಯ ಎಂಜಿನಿಯರ್. ಇಲ್ಲಿ ಗಮನಿಸಬೇಕಾದದ್ದು ಹಂಚಿದ್ದನ್ನಲ್ಲ. ಹಂಚುವುದನ್ನು ಯಾರಾದರೂ ಮಾಡಿಯಾರು. ಹೊಣೆಯ ಜೊತೆಗೆ ಅಧಿಕಾರವನ್ನೂ ಕೊಟ್ಟದ್ದು ಮುಖ್ಯ. ಸ್ಥಳದಲ್ಲಿದ್ದವರು ಸ್ಥಳದಲ್ಲಿಯೇ ತೀರ್ಮಾನ ಮಾಡಬಹುದಾಗಿತ್ತು. ಪ್ರತಿಯೊಂದಕ್ಕೂ ಕಾಗದ ಮೇಲಕ್ಕೆ ಹೋಗಿ ಕೆಳಗೆ ಬರುವುದನ್ನು ಕಾಯಬೇಕಾಗಿರಲಿಲ್ಲ.

ಹೊಣೆ ಕೊಟ್ಟು ಅಧಿಕಾರ ಕೊಡದಿದ್ದರೆ ಏನಾಗುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತು. ಗಿರಾಕಿಯ ತಟ್ಟೆಯಲ್ಲಿ ತಣ್ಣಗಾದ ವಡೆ ಬಂದರೆ ಬೈಸಿಕೊಳ್ಳುವವನು ಸಪ್ಲಾಯರ್. ಆದರೆ ಆ ವಡೆಯನ್ನು ಬದಲಾಯಿಸಿ ಕೊಡುವ ಅಧಿಕಾರ ಅವನಿಗಿಲ್ಲ, ಮ್ಯಾನೇಜರನ್ನು ಕೇಳಬೇಕು. ಅಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಬೈಗಳು ಕೆಳಗಿನವನಿಗೆ, ಬೀಗದ ಕೈ ಮೇಲಿನವನಿಗೆ ಎಂಬ ಪದ್ಧತಿ ಇರುವ ತನಕ ಯಾವ ಕಾಮಗಾರಿಯೂ ಮುಂದುವರಿಯದು.

ಎರಡನೆಯದಾಗಿ, ಗಡುವನ್ನು ಎಲ್ಲರ ಕಣ್ಣೆದುರು ಇಟ್ಟರು. ಮುಗಿಯಬೇಕಾದ ದಿನಕ್ಕೆ ಇನ್ನು ಇಷ್ಟು ದಿನ ಉಳಿದಿದೆ ಎಂದು ತೋರಿಸುವ ಹಿಮ್ಮುಖ ಗಡಿಯಾರವನ್ನು ಕಚೇರಿಗಳಲ್ಲಿ ನೇತುಹಾಕಿದರು. ಮೇಲಿನವನ ಮನಸ್ಸಿನಲ್ಲಿ ಮಾತ್ರ ಇರುವ ತಾರೀಖು ಬೆದರಿಕೆಯಾಗುತ್ತದೆ. ಗೋಡೆಯ ಮೇಲೆ ಎಲ್ಲರಿಗೂ ಕಾಣುವ ತಾರೀಖು ಎಲ್ಲರ ಸ್ವತ್ತಾಗುತ್ತದೆ.

ಮೂರನೆಯದಾಗಿ, ಎಲ್ಲ ಮುಗಿಯುವವರೆಗೆ ಕಾಯದೆ, ಮುಗಿದ ತುಂಡನ್ನು ಮುಗಿದಂತೆ ಬಳಕೆಗೆ ತಂದರು. 1993ರ ಮಾರ್ಚಿನಲ್ಲಿಯೇ ಮಂಗಳೂರು ಉಡುಪಿಗಳ ನಡುವೆ ಪ್ರಯಾಣಿಕರ ಬಂಡಿ ಓಡಿತು. ಕೆಲಸ ನಡೆದಿದೆ ಎಂಬ ನಂಬಿಕೆ ಜನರಿಗೆ ಭಾಷಣದಿಂದ ಬರುವುದಿಲ್ಲ, ಓಡುವ ಬಂಡಿಯಿಂದ ಬರುತ್ತದೆ.

ನಾಲ್ಕನೆಯದಾಗಿ, ಹೊಸ ಬಗೆಯನ್ನು ಕಲಿಯಲು ಹಿಂಜರಿಯಲಿಲ್ಲ. ಗಟ್ಟಿ ಬಂಡೆ ಕೊರೆಯಲು ಸ್ವೀಡನ್ನಿನಿಂದ ಯಂತ್ರಗಳನ್ನು ತರಿಸಿದರು. ರತ್ನಾಗಿರಿಯ ಹತ್ತಿರ ಪಾನ್ವಲ್ ಕಣಿವೆಯ ಮೇಲೆ 64 ಮೀಟರ್ ಎತ್ತರದಲ್ಲಿ ಸೇತುವೆ ಬೇಕಾಗಿತ್ತು. ಅಷ್ಟು ಆಳದಿಂದ ಸಾರುವೆ ಕಟ್ಟಿ ಮೇಲೆ ಕಾಂಕ್ರೀಟು ಹಾಕುವುದು ಕಷ್ಟ, ಅಪಾಯ. ಅದಕ್ಕೆ ಬದಲು ಕಣಿವೆಯ ದಡದಲ್ಲಿಯೇ ಸೇತುವೆಯ ತುಂಡುಗಳನ್ನು ಒಂದರ ಹಿಂದೆ ಒಂದು ಎರಕ ಹೊಯ್ದು, ಕಂಬದಿಂದ ಕಂಬಕ್ಕೆ ಮುಂದಕ್ಕೆ ತಳ್ಳುತ್ತ ಹೋದರು. ಭಾರತದಲ್ಲಿ ಆ ರೀತಿ ಅದೇ ಮೊದಲು. ಕೆಲಸವೂ ಆಯಿತು, ಆಳದ ಕಣಿವೆಯ ಮೇಲೆ ಮನುಷ್ಯ ಜೋತಾಡುವುದೂ ಕಡಿಮೆಯಾಯಿತು. ಒಳ್ಳೆಯ ಯಂತ್ರಶಾಸ್ತ್ರವೂ ಮನುಷ್ಯನ ಮೇಲಿನ ಮಮತೆಯೂ ಒಂದಕ್ಕೊಂದು ವೈರಿಗಳಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎಣಿಸಿದಂತೆ ನಡೆಯದಿದ್ದಾಗ

ಇಷ್ಟೆಲ್ಲ ಮಾಡಿದರೂ ಎಣಿಸಿದ ದಿನಕ್ಕೆ ಕೆಲಸ ಮುಗಿಯಿತೇ? ಇಲ್ಲ. ಐದು ವರ್ಷದಲ್ಲಿ ಮುಗಿಸುವ ಸಂಕಲ್ಪವಿತ್ತು. ಏಳು ವರ್ಷ ದಾಟಿತು. 1998ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಯಿತು, ಆ ವರ್ಷದ ಮೇ 1ರಂದು ನಮ್ಮ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹೊರಟಿತು. ಇದನ್ನು ಮುಚ್ಚಿಟ್ಟು ಬರಿಯ ಹೊಗಳಿಕೆ ಹಾಡಿದರೆ ಪಾಠ ಅರ್ಧವಾಗುತ್ತದೆ.

ತಡಕ್ಕೆ ಮುಖ್ಯ ಕಾರಣಗಳಲ್ಲಿ ಎರಡನ್ನು ಹೇಳುತ್ತೇವೆ. ಒಂದು ಮಣ್ಣು. ಗಟ್ಟಿ ಬಂಡೆಯ ಸುರಂಗಗಳು ಸುಸೂತ್ರವಾಗಿ ಸಾಗಿದವು. ಗೋವೆಯ ಪೆರ್ನೆಮ್ ಮೊದಲಾದ ಕಡೆ ನೀರು ತುಂಬಿದ ಮೆತ್ತನೆಯ ಮಣ್ಣು ಸಿಕ್ಕಿತು. ಅಗೆದಷ್ಟೂ ಮೇಲಿನಿಂದ ಕುಸಿಯುತ್ತಿತ್ತು. ಇದೇ ಹುಳಿಯದ ಹಿಟ್ಟು. ಹತ್ತು ಪಟ್ಟು ಜನರನ್ನು ಹಚ್ಚಿದರೂ ಅಲ್ಲಿ ವೇಗ ಹೆಚ್ಚುವಂತಿರಲಿಲ್ಲ. ಇನ್ನೊಂದು ಕಾರಣ ಜನ. ಗೋವೆಯಲ್ಲಿ ಮಾರ್ಗ ಹಾದುಹೋಗುವ ಬಗೆಯನ್ನು ವಿರೋಧಿಸಿ ಚಳವಳಿ ನಡೆಯಿತು. ತಮ್ಮ ಗದ್ದೆ, ಖಾಜಾಣ ಜಮೀನು, ಹಳೆಯ ದೇವಾಲಯ ಇಗರ್ಜಿಗಳಿಗೆ ಕೇಡಾದೀತೆಂದು ಅಲ್ಲಿಯವರು ಅಂಜಿದರು. 1993ರಲ್ಲಿ ಅಲ್ಲಿ ಕೆಲಸ ನಿಂತು, ವಿಚಾರಣೆ ನಡೆದು, ಆಮೇಲೆ ಮುಂದುವರಿಯಿತು.

ಹೊಸ ಎಂಜಿನಿಯರರು ಇದನ್ನು ನೆನಪಿನಲ್ಲಿಡಬೇಕು. ನಕ್ಷೆಯ ಮೇಲೆ ಗೀಟು ಎಳೆಯುವುದು ಒಂದು ನಿಮಿಷದ ಕೆಲಸ. ಆ ಗೀಟು ಯಾರದೋ ಅಂಗಳದ ತುಳಸೀಕಟ್ಟೆಯ ಮೇಲೆ, ಯಾರದೋ ಬಾವಿಯ ಮೇಲೆ ಹಾದುಹೋಗುತ್ತದೆ. ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಈ ಮಾರ್ಗಕ್ಕೆ ನೆಲ ಬಿಟ್ಟುಕೊಟ್ಟಿವೆ. ಅವರೊಡನೆ ಮೊದಲೇ ಮಾತನಾಡಲು ಕಳೆದ ದಿನ ಹಾಳಾದ ದಿನವಲ್ಲ. ಉದ್ದು ನೆನೆಹಾಕಿದ ದಿನ.

ಹಳಿಯ ಕೆಳಗಿನ ಹೆಸರುಗಳು

ಇನ್ನು ಹೇಳಲೇಬೇಕಾದ ಮಾತಿಗೆ ಬರುತ್ತೇವೆ. ಕೊಂಕಣ ಮಾರ್ಗವನ್ನು ಕಟ್ಟುವಾಗ 70ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸುರಂಗ ಕುಸಿದು ಸತ್ತರು, ಬಂಡೆ ಉರುಳಿ ಸತ್ತರು. ಕೆಲಸದಲ್ಲಿ ಮಡಿದವರ ನೆನಪಿಗಾಗಿ ರತ್ನಾಗಿರಿಯಲ್ಲಿ ಸ್ಮಾರಕವುಂಟು. ಊರಿಗೆ ಹೋಗುವಾಗ ಆ ನಿಲ್ದಾಣದಲ್ಲಿ ಚಹ ಕುಡಿಯಲು ಇಳಿಯುವ ನಮ್ಮವರು ಒಮ್ಮೆ ಅವರನ್ನು ನೆನೆಯಲಿ. ನಮ್ಮನ್ನು ಹದಿನೈದಿಪ್ಪತ್ತು ಗಂಟೆಯಲ್ಲಿ ಮನೆಗೆ ಮುಟ್ಟಿಸುವ ದಾರಿಯನ್ನು ಮಾಡಿ, ತಾವು ಮನೆ ಮುಟ್ಟದೆ ಹೋದವರು ಅವರು.

ಗಡುವು ದೊಡ್ಡದೋ ಜೀವ ದೊಡ್ಡದೋ ಎಂದು ಕೇಳಿದರೆ ಜೀವ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಪ್ರಶ್ನೆ ಕಾಮಗಾರಿಯ ಸ್ಥಳದಲ್ಲಿ ಹಾಗೆ ನೇರವಾಗಿ ಬರುವುದಿಲ್ಲ. ರಾತ್ರಿ ಪಾಳಿಯ ಮಜೂರನೊಬ್ಬ ಬಂದು, ‘ಸಾಹೇಬರೇ, ಮೇಲಿನಿಂದ ಮಣ್ಣು ಉದುರುತ್ತಿದೆ’ ಎನ್ನುತ್ತಾನೆ. ಕೆಲಸ ನಿಲ್ಲಿಸಿದರೆ ಒಂದು ಪಾಳಿ ಹಾಳು, ಮೇಲಿನವರಿಗೆ ಉತ್ತರ ಹೇಳಬೇಕು. ಆ ಗಳಿಗೆಯಲ್ಲಿ ‘ಎಲ್ಲರೂ ಹೊರಗೆ ಬನ್ನಿ’ ಎನ್ನುವ ಧೈರ್ಯ ಯಾರಿಗಿದೆಯೋ ಅವನೇ ಎಂಜಿನಿಯರ್. ಮಣ್ಣು ಉದುರುವುದನ್ನು ಮಜೂರ ಹೇಳಬೇಕಾದರೆ ಅವನಿಗೆ ಹೇಳುವ ಸ್ವಾತಂತ್ರ್ಯವೂ ಇರಬೇಕು. ಮುಂಬಯಿಯ ಗಿರಣಿಗಳಲ್ಲಿ ಬಹುಕಾಲ ಕೆಲಸಕ್ಕೆ ಸೇರಿಸುವುದೂ ತೆಗೆಯುವುದೂ ಜಾಬರನ ಕೈಯಲ್ಲಿತ್ತು. ಅವನಿಗೆ ಅಂಜಿ ಯಂತ್ರದ ದೋಷವನ್ನೂ ಹೇಳದೆ ದುಡಿದವರುಂಟು. ಅಂಜಿದ ಬಾಯಿ ಸುದ್ದಿ ಹೇಳುವುದಿಲ್ಲ. ಸುದ್ದಿ ಬಾರದ ಮುಂದಾಳು ಕಣ್ಣು ಕಟ್ಟಿಕೊಂಡು ನಡೆದಂತೆ.

ಮಾರ್ಗ ಮುಗಿದ ಮೇಲೂ ಹೊಣೆ ಮುಗಿಯಲಿಲ್ಲ. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಹತ್ತಿರ, ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರೈಲು ಕುಸಿದುಬಿದ್ದ ಗುಡ್ಡಕ್ಕೆ ಬಡಿದು 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷದ ಜೂನಿನಲ್ಲಿ ಮತ್ಸ್ಯಗಂಧಾ ಕೂಡ ಹಳಿಯ ಮೇಲೆ ಉರುಳಿದ್ದ ಬಂಡೆಗಳಿಂದ ಅಪಘಾತಕ್ಕೀಡಾಗಿ ಜೀವಹಾನಿಯಾಯಿತು. ಎರಡರಲ್ಲಿಯೂ ಇದ್ದವರು ನಮ್ಮಂಥವರೇ, ರಜೆ ಮುಗಿಸಿ ಮಕ್ಕಳ ಕೈ ಹಿಡಿದು ಬರುತ್ತಿದ್ದವರು. ಆಮೇಲೆ ಗುಡ್ಡದ ಇಳಿಜಾರುಗಳನ್ನು ಸಡಿಲಿಸಿದರು, ಬಂಡೆಗಳಿಗೆ ಬಲೆ ಹಾಕಿದರು, ಮಳೆಗಾಲದಲ್ಲಿ ಹಳಿಯುದ್ದಕ್ಕೂ ಕಾವಲು ತಿರುಗುವವರನ್ನು ಹೆಚ್ಚಿಸಿದರು. ಬಂಡಿಗಳ ವೇಗ ಇಳಿಸಿ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ನಡೆಸುತ್ತಾರೆ. ಮಳೆಗಾಲದಲ್ಲಿ ರೈಲು ನಿಧಾನವೆಂದು ಬೇಸರಪಡುವವರು ಈ ಕಾರಣವನ್ನು ತಿಳಿದಿರಬೇಕು. ಕತ್ತರಿಸಿದ ರಿಬ್ಬನ್ನಿನಲ್ಲಿ ಕಾಮಗಾರಿ ಮುಗಿಯುವುದಿಲ್ಲ. ಕಟ್ಟಿದ್ದನ್ನು ಕಾಯುವುದೂ ಕಾಮಗಾರಿಯೇ. ನಡುರಾತ್ರಿ ಲಾಟೀನು ಹಿಡಿದು ಹಳಿ ನೋಡುವವನೂ ಅದರ ಪಾಲುಗಾರನೇ.

ತಪ್ಪನ್ನು ಹೊರುವ ಹೆಗಲು

ಶ್ರೀಧರನ್ನರು ಆಮೇಲೆ ದೆಹಲಿಯ ಮೆಟ್ರೊ ರೈಲಿನ ಹೊಣೆ ಹೊತ್ತರು. 2002ರ ಡಿಸೆಂಬರಿನಲ್ಲಿ ಅದರ ಮೊದಲ ಭಾಗ ಓಡಿತು. ಮೊದಲ ಘಟ್ಟದ 65 ಕಿಲೋಮೀಟರ್ 2005ರ ಹೊತ್ತಿಗೆ, ಗೊತ್ತುಮಾಡಿದ್ದಕ್ಕಿಂತ ಎರಡು ವರ್ಷಕ್ಕೂ ಮೊದಲೇ, ಮುಗಿಯಿತು. ದೇಶವೆಲ್ಲ ಅವರನ್ನು ಕೊಂಡಾಡಿತು. 2009ರ ಜುಲೈ 12ರಂದು ಅದೇ ಮೆಟ್ರೊದ ಕಾಮಗಾರಿಯಲ್ಲಿ ಕಂಬ ಮುರಿದು ಸೇತುವೆ ಬಿದ್ದು ಕೆಲಸದಲ್ಲಿದ್ದವರು ಸತ್ತರು. ಕಟ್ಟುತ್ತಿದ್ದವರು ಗುತ್ತಿಗೆದಾರರು. ದೊಡ್ಡವರು ಇಂಥ ಹೊತ್ತಿನಲ್ಲಿ ಬೆರಳು ತೋರಿಸಲು ಯಾರನ್ನಾದರೂ ಹುಡುಕುವುದು ಲೋಕರೂಢಿ. ಶ್ರೀಧರನ್ನರು ನೈತಿಕ ಹೊಣೆ ತನ್ನದೆಂದು ಅಂದೇ ರಾಜೀನಾಮೆ ಕೊಟ್ಟರು. ಸರಕಾರ ಅದನ್ನು ಒಪ್ಪಲಿಲ್ಲ, ಅವರು ಮುಂದುವರಿದರು. ಸತ್ತವರು ಅದರಿಂದ ಎದ್ದು ಬರಲಿಲ್ಲ, ನಿಜ. ಆದರೆ ಕೀರ್ತಿ ಬಂದಾಗ ಮುಂದೆ ನಿಂತವನು ಅಪಕೀರ್ತಿ ಬಂದಾಗಲೂ ಮುಂದೆ ನಿಲ್ಲಬೇಕೆಂಬುದನ್ನು ಅವರು ತೋರಿಸಿಕೊಟ್ಟರು. ಇದು ಯಾವ ಪುಸ್ತಕದ ಸೂತ್ರದಲ್ಲಿಯೂ ಇಲ್ಲ.

ಇಷ್ಟು ವಿಚಾರ ಮಾಡಿದ ಮೇಲೆ, ಈ ಸಭೆಯಲ್ಲಿರುವ ತರುಣರಿಗೆ ನಮ್ಮ ಅರಿಕೆ ಐದು.

ಒಂದು, ಕೆಲಸ ಕೈಗೆತ್ತಿಕೊಂಡ ದಿನವೇ ಮುಗಿಯುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿರಿ. ಯಾವುದನ್ನು ತಡಮಾಡಿದರೆ ಎಲ್ಲವೂ ತಡವಾಗುವುದೋ ಅದರ ಮೇಲೆ ಕಣ್ಣಿಡಿರಿ.

ಎರಡು, ಹೊಣೆ ಕೊಟ್ಟವನಿಗೆ ಅಧಿಕಾರವನ್ನೂ ಕೊಡಿರಿ. ನಿಮಗೆ ಹೊಣೆ ಕೊಟ್ಟವರನ್ನು ಅಧಿಕಾರವನ್ನೂ ಕೇಳಿರಿ, ಕೇಳುವುದು ಉದ್ಧಟತನವಲ್ಲ.

ಮೂರು, ಕೈಯಿಂದ ಕೆಲಸ ಮಾಡುವವನ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳಿರಿ. ಪಾಂಬನ್ನಿನ ಬೆಸ್ತ ಎಲ್ಲ ಕಾಮಗಾರಿಯಲ್ಲಿಯೂ ಒಬ್ಬನಿರುತ್ತಾನೆ.

ನಾಲ್ಕು, ಕೂಲಿ ಹೇಳಿದ ದಿನಕ್ಕೆ ಸಲ್ಲಲಿ. ಗಡುವು ಕಾಮಗಾರಿಗೆ ಮಾತ್ರವಲ್ಲ, ಪಗಾರಕ್ಕೂ ಉಂಟು. ತಾನು ಕೊಡುವ ದಿನವನ್ನು ತಪ್ಪಿಸುವವನಿಗೆ ಮಜೂರನಿಂದ ದಿನಪಾಲನೆ ಕೇಳುವ ಹಕ್ಕಿಲ್ಲ.

ಐದು, ಒಳ್ಳೆಯದಾದರೆ ‘ನಾವು ಮಾಡಿದೆವು’ ಎನ್ನಿರಿ, ಕೆಟ್ಟರೆ ‘ನಾನು ನೋಡಲಿಲ್ಲ’ ಎನ್ನಿರಿ.

ಹಿರಿಯರಲ್ಲಿಯೂ ಒಂದು ಮಾತು. ನಾವು ಓದಲಿಲ್ಲ, ಮಕ್ಕಳಿಗೆ ಏನು ಹೇಳಿಕೊಟ್ಟೇವು ಎಂದು ಹಿಂಜರಿಯಬೇಡಿ. ನೂರು ಜನರ ಊಟದ ಹೊತ್ತನ್ನು ಹತ್ತು ಜನರಿಂದ ಸುಧಾರಿಸಿದವರು ನೀವು. ಯಾರು ಗದರಿದರೆ ಹುಡುಗರು ಕೆಲಸ ಮಾಡುತ್ತಿದ್ದರು, ಯಾರು ಕೂಗದೆಯೇ ಮಾಡಿಸಿಕೊಳ್ಳುತ್ತಿದ್ದರು ಎಂಬುದನ್ನು ಮೈಯಿಂದ ಕಲಿತವರು ನೀವು. ಅದನ್ನು ಮನೆಯಲ್ಲಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಹೇಳಿರಿ. ಸಂಘದಲ್ಲಿಯೂ ಭಾನುವಾರಗಳಂದು ಅಂಥ ಹಿರಿಯರನ್ನೂ ಎಂಜಿನಿಯರಿಂಗ್ ಓದುವ ಮಕ್ಕಳನ್ನೂ ಒಂದೆಡೆ ಕೂರಿಸಿ ಮಾತನಾಡಿಸುವ ಏರ್ಪಾಡು ಮಾಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ಅದಕ್ಕೆ ಹಣ ಬೇಕಾಗಿಲ್ಲ, ಒಂದು ಚಾಪೆ, ಒಂದು ಹಂಡೆ ಚಹ ಸಾಕು. ಚಹ ಮಾಡಬಲ್ಲವರಿಗೆ ನಮ್ಮಲ್ಲಿ ಕೊರತೆಯಿಲ್ಲ.